ಫ್ಲೇಂಜ್ ಬೋಲ್ಟು: ಕುಡಿಯುವ ನೀರಿನ ಕೊಳವೆ ಜೋಡಣೆ ಕುರಿತ ಅಧ್ಯಯನ ಟಿಪ್ಪಣಿ

ಗ್ರಾಮೀಣ ಕುಡಿಯುವ ನೀರಿನ ಯೋಜನೆಗಳಲ್ಲಿ ಪಂಪು, ವಾಲ್ವು, ಮೀಟರುಗಳು ಏರು ಕೊಳವೆಯನ್ನು ಸಂಧಿಸುವೆಡೆ ಸಾಮಾನ್ಯವಾಗಿ ಫ್ಲೇಂಜ್ ಜೋಡಣೆ ಇರುತ್ತದೆ. ಇಂತಹ ಒಂದು ಜೋಡಣೆಯಲ್ಲಿ ನಿಮಿಷಕ್ಕೆ 1 ಲೀಟರ್ ಸೋರಿದರೂ, ದಿನಕ್ಕೆ 6 ಗಂಟೆ ಪಂಪು ನಡೆಯುವಲ್ಲಿ 360 ಲೀಟರ್ ನಷ್ಟವಾಗುತ್ತದೆ. ಜಲ ಜೀವನ್ ಮಿಷನ್ನಿನ ತಲಾ 55 ಲೀಟರ್ ಮಾನದಂಡದಂತೆ ಇದು ಆರು ಜನರ ಒಂದು ದಿನದ ನೀರು. ಇದಕ್ಕಿಂತಲೂ ಗಂಭೀರವಾದ ಅಪಾಯವೊಂದಿದೆ. ಪಂಪು ನಿಂತು ಒತ್ತಡ ಕುಸಿದಾಗ, ನೀರು ಹೊರಬಂದ ಸಂದಿಯಿಂದಲೇ ಚೇಂಬರಿನ ಕೊಳಕು ನೀರು ಕೊಳವೆಯೊಳಗೆ ಸೇರಬಹುದು. ಆದುದರಿಂದ ಬೋಲ್ಟಿನ ಬಿಗಿತವು ಸಾರ್ವಜನಿಕ ಆರೋಗ್ಯದ ವಿಷಯವೂ ಹೌದು.

1. ಹೆಸರಿನ ಎರಡು ಅರ್ಥಗಳು

ಎರಡು ಫ್ಲೇಂಜುಗಳನ್ನು ಬಂಧಿಸುವ ಬೋಲ್ಟಿಗೂ, ತಲೆಯ ಕೆಳಗೆ ವಾಷರಿನಂತಹ ಅಗಲ ಅಂಚನ್ನು ಹೊಂದಿರುವ ಬೋಲ್ಟಿಗೂ ಇದೇ ಹೆಸರಿದೆ. ಎರಡನೆಯದು ವಾಹನ ಮತ್ತು ಎಂಜಿನ್ ತಯಾರಿಕೆಯಲ್ಲಿ ಹೆಚ್ಚು ಬಳಕೆಯಲ್ಲಿದೆ. ಅದರ ಅಗಲ ಅಂಚು ಭಾರವನ್ನು ಹರಡುತ್ತದೆ. ಅಂಚಿನಡಿ ಹಲ್ಲುಗಳಿದ್ದಲ್ಲಿ ಕಂಪನದಿಂದ ಸಡಿಲವಾಗುವುದೂ ಕಡಿಮೆಯಾಗುತ್ತದೆ. ನೀರಿನ ಯೋಜನೆಗಳಲ್ಲಿ ಬಳಸುವುದು ಮೊದಲನೆಯದು. ಅಂದರೆ ಸಾಮಾನ್ಯ ಆರು ಮೂಲೆ ತಲೆಯ ಬೋಲ್ಟು, ನಟ್ಟು ಮತ್ತು ವಾಷರು.

2. ಬೋಲ್ಟಿನ ಕಾರ್ಯ

ಬಿಗಿದ ಬೋಲ್ಟು ಅತ್ಯಲ್ಪವಾಗಿ ಹಿಗ್ಗಿ, ಸ್ಪ್ರಿಂಗಿನಂತೆ ಫ್ಲೇಂಜುಗಳನ್ನು ಒತ್ತಿ ಹಿಡಿಯುತ್ತದೆ. ನಡುವಿನ ರಬ್ಬರ್ ಗ್ಯಾಸ್ಕೆಟ್ ಈ ಒತ್ತಡದಿಂದಲೇ ನೀರನ್ನು ತಡೆಯುತ್ತದೆ. ಸ್ಪ್ಯಾನರಿಗೆ ಹಾಕಿದ ಬಲದಲ್ಲಿ ಸುಮಾರು ಶೇ. 10 ಮಾತ್ರ ಹಿಡಿತವಾಗಿ ಪರಿಣಮಿಸುತ್ತದೆ. ಉಳಿದುದು ಮರೆಯಲ್ಲಿಯೂ ನಟ್ಟಿನ ಅಡಿಯಲ್ಲಿಯೂ ಘರ್ಷಣೆಗೆ ವ್ಯಯವಾಗುತ್ತದೆ. ಹೀಗಾಗಿ ತುಕ್ಕು ಹಿಡಿದ ಬೋಲ್ಟು ಕೈಗೆ ಬಿಗಿ ಎನಿಸಿದರೂ ಒಳಗೆ ಸಡಿಲವಾಗಿರಬಹುದು.

ಬೋಲ್ಟಿನ ತಲೆಯ ಮೇಲಿನ 4.6 ಎಂಬ ಗುರುತು ಅದರ ದರ್ಜೆ. ಅಂತಹ ಬೋಲ್ಟಿನ ಕರ್ಷಣ ಸಾಮರ್ಥ್ಯ ಚದರ ಮಿ.ಮೀ.ಗೆ 400 ನ್ಯೂಟನ್, ಅದರ ಶೇ. 60ರಷ್ಟು, ಅಂದರೆ 240 ನ್ಯೂಟನ್ ಮೀರಿದರೆ ಬೋಲ್ಟು ಶಾಶ್ವತವಾಗಿ ಹಿಗ್ಗುತ್ತದೆ.

3. ನಾಲ್ಕು ಬೋಲ್ಟು ಸಾಲದೇಕೆ?

100 ಮಿ.ಮೀ. ಒಳವ್ಯಾಸದ ಕೊಳವೆಯಲ್ಲಿ 60 ಮೀಟರ್ ಎತ್ತರದ ನೀರಿನ ಒತ್ತಡವಿದ್ದರೆ, ಫ್ಲೇಂಜುಗಳನ್ನು ಬೇರ್ಪಡಿಸುವ ಬಲ ಸುಮಾರು 470 ಕೆ.ಜಿ. ಎಂಟು ಬೋಲ್ಟುಗಳಿಗೆ ಹಂಚಿದಾಗ ತಲಾ 59 ಕೆ.ಜಿ. ಆದರೆ 4.6 ದರ್ಜೆಯ 16 ಮಿ.ಮೀ. ಬೋಲ್ಟೊಂದು ಮೂರು ಟನ್ನಿಗೂ ಮಿಗಿಲಾದ ಎಳೆತವನ್ನು ತಾಳಬಲ್ಲದು. ಹಾಗಿದ್ದರೂ ಎಂಟು ರಂಧ್ರಗಳಿಗೆ ನಾಲ್ಕೇ ಬೋಲ್ಟು ಹಾಕುವುದು ತಪ್ಪು. ಇಲ್ಲಿ ಪ್ರಶ್ನೆ ಬೋಲ್ಟು ತುಂಡಾಗುವುದಲ್ಲ; ಬೋಲ್ಟುಗಳ ನಡುವಿನ ಅಂತರ ಹೆಚ್ಚಿದಂತೆ ಫ್ಲೇಂಜ್ ಬಾಗಿ, ಗ್ಯಾಸ್ಕೆಟ್ ಮೇಲಿನ ಒತ್ತಡ ಅಸಮವಾಗುತ್ತದೆ. ಮೇಲಾಗಿ ವಿದ್ಯುತ್ ಹಠಾತ್ತನೆ ಕಡಿತಗೊಂಡಾಗ ಜಲಾಘಾತ ಉಂಟಾಗುತ್ತದೆ. ಕಬ್ಬಿಣದ ಕೊಳವೆಯಲ್ಲಿ ಸೆಕೆಂಡಿಗೆ 1 ಮೀಟರ್ ವೇಗದ ನೀರು ಒಮ್ಮೆಲೇ ನಿಂತರೆ ಒತ್ತಡವು ಸುಮಾರು 100 ಮೀಟರಿನಷ್ಟು ಏರಬಹುದು.

4. ಬಿಗಿಯುವ ಕ್ರಮ

ಅ) ಪಂಪು ನಿಲ್ಲಿಸಿ, ಕೊಳವೆಯ ಒತ್ತಡವನ್ನು ಸಂಪೂರ್ಣ ಇಳಿಸಿದ ನಂತರವೇ ಕೆಲಸ ಆರಂಭಿಸುವುದು.

ಆ) ಫ್ಲೇಂಜ್ ಮುಖಗಳನ್ನು ಸ್ವಚ್ಛಗೊಳಿಸಿ ಹೊಸ ಗ್ಯಾಸ್ಕೆಟ್ ಇಡುವುದು. ಓರೆಯಾದ ಕೊಳವೆಯನ್ನು ಬೋಲ್ಟಿನ ಬಲದಿಂದ ಎಳೆದು ಕೂಡಿಸಬಾರದು.

ಇ) ಮರೆಗೆ ಎಣ್ಣೆ ಹಚ್ಚಿ, ಎಲ್ಲ ನಟ್ಟುಗಳನ್ನೂ ಮೊದಲು ಕೈಯಿಂದ ಕೂರಿಸುವುದು.

ಈ) ಎಂಟು ಬೋಲ್ಟುಗಳಿದ್ದರೆ 1, 5, 3, 7, 2, 6, 4, 8ರ ಎದುರುಬದುರು ಕ್ರಮದಲ್ಲಿ, ನಿಗದಿತ ಬಿಗಿತದ ಮೂರನೇ ಒಂದು, ಮೂರನೇ ಎರಡು, ಪೂರ್ಣ ಎಂಬ ಮೂರು ಹಂತಗಳಲ್ಲಿ ಬಿಗಿಯುವುದು. ಕೊನೆಗೆ ಒಂದು ಸುತ್ತು ಸಾಲಾಗಿ ಪರೀಕ್ಷಿಸುವುದು.

ಉ) ರಬ್ಬರ್ ಕ್ರಮೇಣ ಕುಗ್ಗುವುದರಿಂದ, ಮರುದಿನ ಒತ್ತಡವಿಲ್ಲದ ವೇಳೆ ಮತ್ತೊಮ್ಮೆ ಬಿಗಿತ ನೋಡುವುದು.

5. ಪರಿಶೀಲನೆ

ಕಾಮಗಾರಿ ವೀಕ್ಷಣೆಯ ಸಮಯದಲ್ಲಿ ಬೋಲ್ಟುಗಳ ಸಂಖ್ಯೆ, ದರ್ಜೆಯ ಗುರುತು, ಸತುವಿನ ಲೇಪ ಇವುಗಳನ್ನು ಚೇಂಬರು ಮುಚ್ಚುವ ಮೊದಲೇ ನೋಡಬೇಕು. ನಟ್ಟಿನಿಂದ ಒಂದೆರಡು ಮರೆಗಳಾದರೂ ಹೊರಗೆ ಕಾಣುವಂತಿರಬೇಕು. ಚೇಂಬರಿನಲ್ಲಿ ನೀರು ನಿಲ್ಲದಂತೆ ನೋಡಿಕೊಂಡರೆ ಬೋಲ್ಟಿನ ಆಯುಷ್ಯವೂ ಹೆಚ್ಚುತ್ತದೆ, ಕೊಳಕು ಒಳಸೇರುವ ಭಯವೂ ತಗ್ಗುತ್ತದೆ. ಸೋರಿಕೆಯನ್ನು ಮೊದಲು ಕಾಣುವವರು ನೀರುಗಂಟಿಗಳು. ಅವರ ಕೈಯಲ್ಲಿ ಸರಿಯಾದ ಅಳತೆಯ ಸ್ಪ್ಯಾನರುಗಳೂ, ಪಂಚಾಯಿತಿಯ ದಾಸ್ತಾನಿನಲ್ಲಿ ಬದಲಿ ಬೋಲ್ಟು ಹಾಗೂ ಗ್ಯಾಸ್ಕೆಟ್‌ಗಳೂ ಇದ್ದಲ್ಲಿ, ಸೋರಿಕೆ ಕಂಡ ದಿನವೇ ದುರಸ್ತಿ ಸಾಧ್ಯ.