ದಲಾಲಿಯ ಲೆಕ್ಕ ಬಯಲಿನಲ್ಲಿರಲಿ



ಸಿಂಧನೂರು–ಮಸ್ಕಿ ಹಾದಿಯ ಭತ್ತದ ಗದ್ದೆಗಳ ಮಗ್ಗುಲಲ್ಲಿ ಕಲ್ಲು ನೆಟ್ಟ ಪ್ಲಾಟುಗಳನ್ನು ನೀನು ಮಾರಿಸುತ್ತಿರುವೆಯೆಂದೂ, ಮಾರುವವನಿಗೊಂದು ಬೆಲೆ, ಕೊಳ್ಳುವವನಿಗೊಂದು ಬೆಲೆ ಹೇಳಿ ನಡುವಿನದನ್ನು ಉಳಿಸಿಕೊಳ್ಳುವುದೇ ಜಾಣತನವೆಂದು ಗೆಳೆಯರು ನಿನಗೆ ಬೋಧಿಸುತ್ತಿರುವರೆಂದೂ ಕೇಳಿದಂದಿನಿಂದ ಮನಸ್ಸಿಗೆ ಸಮಾಧಾನವಿಲ್ಲ.

ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಕುಡಿದು ಈ ಸೀಮೆಯ ಜೋಳದ ಹೊಲಗಳು ಗದ್ದೆಗಳಾಗುತ್ತಿದ್ದ ಕಾಲದಲ್ಲಿ ನಾನು ಸಿಂಧನೂರಿನ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತನಾಗಿದ್ದೆ. ರೈತನಿಗೆ ಕೊಡುವ ಪಟ್ಟಿಯಲ್ಲಿ ತೂಕ, ಧಾರಣೆ, ಹಮಾಲಿ, ಕೆಳಗೆ ಅಂಗಡಿಯ ದಲಾಲಿ, ಎಲ್ಲಕ್ಕೂ ಬೇರೆ ಬೇರೆ ಸಾಲು. ಅಕ್ಷರ ಬಾರದವರಿಗೆ ಸಾಹುಕಾರರು ಸ್ವತಃ ಓದಿ ಹೇಳುವರು, ದಲಾಲಿಯ ಸಾಲು ಬಂದಾಗಲೂ ಅವರ ದನಿ ತಗ್ಗುತ್ತಿರಲಿಲ್ಲ. ಮುಂದೆ ಲಿಂಗಸುಗೂರಿನಲ್ಲಿ ನಮ್ಮಕ್ಕ ಎರಡೆಕರೆ ಹೊಲ ಮಾರಿದಳು. ಮಧ್ಯಸ್ಥನು ಅವಳಿಗೆ ಹೇಳಿದ ಬೆಲೆಗಿಂತ ಬಹಳ ಹೆಚ್ಚಿನದನ್ನು ಕೊಳ್ಳುವವನು ತೆತ್ತಿದ್ದನೆಂಬುದು ಖರೀದಿ ಪತ್ರದ ದಿನವೇ ಬಯಲಾಯಿತು; ಮಗಳ ಲಗ್ನ ಹತ್ತಿರವಿದ್ದುದರಿಂದ ಆಕೆ ಮಾತಿಲ್ಲದೆ ಹೆಬ್ಬೆಟ್ಟು ಒತ್ತಿದಳು.

ದಲಾಲಿ ಪಾಪವಲ್ಲ. ಜಮೀನು ಮಾರಾಟದಲ್ಲಿ ಅದರ ದರವನ್ನು ಕಾನೂನು ನಿಗದಿಪಡಿಸಿಲ್ಲ. ಶೇಕಡಾ ಒಂದೋ ಎರಡೋ ಎಂಬುದು ಉಭಯರ ಒಪ್ಪಂದ. ಆದರೆ 1872ರ ಕರಾರು ಕಾಯ್ದೆಯ ಪ್ರಕಾರ, ಬೇರೆ ಮಾತಾಗಿರದಿದ್ದರೆ, ಕೆಲಸ ಪೂರ್ಣವಾದ ಮೇಲೆಯೇ ಪ್ರತಿಫಲ. ವ್ಯವಹಾರದ ಯಾವ ಭಾಗದಲ್ಲಿ ದುರ್ನಡತೆ ತೋರಿದನೋ ಆ ಭಾಗದ ಪ್ರತಿಫಲವೂ ಅವನಿಗಿಲ್ಲ. 2016ರ ಸ್ಥಿರಾಸ್ತಿ ನಿಯಂತ್ರಣ ಕಾಯ್ದೆಯಾದ ರೇರಾ ಅಂತೂ, ನೋಂದಣಿ ಕಡ್ಡಾಯವಾದ ಬಡಾವಣೆಯ ಪ್ಲಾಟನ್ನು ಮಾರಿಸುವ ಏಜೆಂಟನೂ ನೋಂದಾಯಿತನಾಗಿರಬೇಕು, ನೋಂದಣಿಯಾಗದ ಬಡಾವಣೆಯಲ್ಲಿ ಅವನು ಕೈ ಹಾಕಲೇಕೂಡದು ಎನ್ನುತ್ತದೆ. ತಪ್ಪಿದರೆ ದಿನಕ್ಕೆ 10,000 ರೂಪಾಯಿಯಂತೆ, ಪ್ಲಾಟಿನ ಬೆಲೆಯ ಶೇಕಡಾ 5ರವರೆಗೂ ದಂಡ.

ಗುಟ್ಟಿನದು, ಬಯಲಿನದು ಎಂಬ ಎರಡು ದಾರಿಗಳನ್ನೂ ತೂಗಿ ನೋಡು, ನಿರ್ಧಾರ ನಿನ್ನದೇ. ಗುಪ್ತವಾದ ಗಳಿಕೆ ಬೇಗ ಬರುವುದು ನಿಜ. ಆದರೆ ಓದಿದ ಹುಡುಗನಾಗಿ, ನಿನ್ನನ್ನು ನಂಬಿ ಪಹಣಿ ಕೈಗಿತ್ತ ಮುದುಕಿಗೆ ಸುಳ್ಳು ಬೆಲೆ ಹೇಳುವೆಯಾದರೆ ಆ ಓದಿಗೆ ಧಿಕ್ಕಾರವಿರಲಿ!

ಮಾತು ಬಿರುಸಾಯಿತು, ಪ್ರೀತಿ ಇಲ್ಲದಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಸಂಚಕಾರಕ್ಕೆ ಮೊದಲೇ ಇಬ್ಬರಿಗೂ ಒಂದೇ ಬೆಲೆ ಹೇಳು. ದಲಾಲಿ ಎಷ್ಟು, ಕೊಡುವವರು ಯಾರು, ಯಾವಾಗ ಎಂಬುದನ್ನು ಕಾಗದದಲ್ಲಿ ಬರೆಸಿ ಸಹಿ ಪಡೆ. ಹಣವನ್ನು ಬ್ಯಾಂಕಿನ ಮೂಲಕ ತೆಗೆದುಕೊಂಡು ರಸೀದಿ ಕೊಡು, ಆದಾಯಕ್ಕೆ ತೆರಿಗೆ ಕಟ್ಟು. ಕೂಡಲೇ ರೇರಾದಲ್ಲಿ ಹೆಸರು ನೋಂದಾಯಿಸು. ಶುಲ್ಕ ಭಾರವೆನಿಸಿದರೆ ಸಂಕೋಚಪಡದೆ ತಿಳಿಸು, ನಾನು ಹೊಂದಿಸಿಕೊಡುವೆನು.

ಇತಿ,
ನಿನ್ನ ಕಾಕಾ