ಒಂದು ಸಲಕ್ಕೆ ಒಂದೇ ಹಾಳೆ: ಚೀಟಿ ಡಬ್ಬಿಯೊಂದರ ವಿನ್ಯಾಸ ಪಾಠ

ಬ್ಯಾಂಕಿನ ಕ್ಯಾಷ್ ಕೌಂಟರ್‌ನಲ್ಲಿ ಒಂದು ಪುಟ್ಟ ಬಟ್ಟಲು, ಅದರೊಳಗೆ ಒದ್ದೆ ಸ್ಪಂಜು ಇರೋದನ್ನ ನೋಡಿರ್ತೀರಿ. ಆ ಬಟ್ಟಲು ಇಲ್ಲದ ಕಡೆ ಎಣಿಸುವವರ ಬೆರಳು ಸೀದಾ ನಾಲಿಗೆಗೆ ಹೋಗುತ್ತೆ. ಒಂದು ಕಟ್ಟಿನಿಂದ ಒಂದೇ ಒಂದು ಹಾಳೆ ತೆಗೆಯೋ ಕೆಲಸ ಅಷ್ಟು ಕಷ್ಟವೇ? ಒಣಗಿದ ಬೆರಳಲ್ಲಿ ತೆಗೆದು ನೋಡಿ. ಒಂದೋ ಏನೂ ಬರಲ್ಲ, ಇಲ್ಲಾ ಎರಡು ಬರುತ್ತೆ. ಆಗ ಇನ್ನೊಂದು ಕೈ ಹಾಕಿ ಬಿಡಿಸಬೇಕು.

ಎಡಗೈಯಲ್ಲಿ ಫೋನ್ ಹಿಡಿದು ನಂಬರ್ ಬರೆದುಕೊಳ್ಳುವವರಿಗೆ ಆ ಇನ್ನೊಂದು ಕೈ ಸಿಗಲ್ಲ. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡವರಿಗೂ, ಪಾರ್ಶ್ವವಾಯುವಿನಿಂದ ಒಂದು ಕೈ ಸೋತವರಿಗೂ ಅಷ್ಟೇ. ದಿನವಿಡೀ ದುಡ್ಡು ಮುಟ್ಟುವ ಕೌಂಟರಿನವರು ಅದೇ ಬೆರಳನ್ನು ಬಾಯಿಗೆ ಇಡುವುದಂತೂ ಬೇಡವೇ ಬೇಡ. ಹಾಗಾಗಿ ನಮ್ಮ ವಿನ್ಯಾಸದ ಷರತ್ತು ಮೂರೇ ಮಾತು: ಒಂದೇ ಕೈ, ಒಣ ಬೆರಳು, ಒಂದೇ ಹಾಳೆ.

ಇದಕ್ಕೆ ಮೋಟರ್ ಬೇಡ, ಮೈಕ್ರೋಕಂಟ್ರೋಲರ್ ಬೇಡ. ಮೊದಲ ವರ್ಷದ ಮೆಕ್ಯಾನಿಕ್ಸ್ ಸಾಕು. ಬನ್ನಿ, ಲೆಕ್ಕ ಹಾಕೋಣ.

ನಮ್ಮ ಹಾಳೆ ಎಂಥದು?

ಒಂದು ಬದಿ ಪ್ರಿಂಟ್ ಆಗಿ ಉಳಿದ ಎ4 ಹಾಳೆಗಳು ಪ್ರತಿ ಡಿಪಾರ್ಟ್‌ಮೆಂಟಲ್ಲೂ ರಾಶಿ ಇರುತ್ತವೆ. ಒಂದನ್ನು ನಾಲ್ಕು ಮಾಡಿದರೆ ಎ6 ಚೀಟಿ: 105 × 148 ಮಿ.ಮೀ. ಎ0 ಹಾಳೆಯ ವಿಸ್ತೀರ್ಣ 1 ಚದರ ಮೀಟರ್, ಎ4 ಅದರ 16ನೇ ಒಂದು ಪಾಲು. 80 ಜಿಎಸ್‌ಎಂ ಕಾಗದವಾದರೆ ಎ4 ಹಾಳೆ 5 ಗ್ರಾಂ, ನಮ್ಮ ಚೀಟಿ 1.25 ಗ್ರಾಂ. ದಪ್ಪ ಹೆಚ್ಚುಕಡಿಮೆ 0.1 ಮಿ.ಮೀ. ಅಂದರೆ 200 ಚೀಟಿಯ ಕಟ್ಟು 20 ಮಿ.ಮೀ. ಎತ್ತರ, 250 ಗ್ರಾಂ ತೂಕ.

ಘರ್ಷಣಾಂಕ ಕಾಗದದಿಂದ ಕಾಗದಕ್ಕೆ ಬದಲಾಗುತ್ತೆ. ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳೋಣ: ಕಾಗದದ ಮೇಲೆ ಕಾಗದ 0.5, ಕಾಗದದ ಮೇಲೆ ರಬ್ಬರ್ 1.0, ಕಾಗದದ ಮೇಲೆ ಒಣ ಬೆರಳು 0.55. ನಿಮ್ಮ ಕಾಗದದ ಅಂಕಿ ನೀವೇ ಅಳೆಯಬಹುದು. ಒಂದು ಹಾಳೆಯನ್ನು ರಟ್ಟಿಗೆ ಅಂಟಿಸಿ, ಅದರ ಮೇಲೆ ಇನ್ನೊಂದು ಹಾಳೆ ಸುತ್ತಿದ ಚಿಕ್ಕ ಡಬ್ಬಿ ಇಟ್ಟು, ರಟ್ಟನ್ನು ನಿಧಾನಕ್ಕೆ ಓರೆ ಮಾಡಿ. ಡಬ್ಬಿ ಜಾರಲು ಶುರುವಾದ ಕೋನದ ಟ್ಯಾನ್ ಬೆಲೆಯೇ ಘರ್ಷಣಾಂಕ. ಕೋನವನ್ನು ಫೋನಿನ ಲೆವೆಲ್ ಆ್ಯಪ್ ತೋರಿಸುತ್ತೆ. 0.5 ಅಂದರೆ ಸುಮಾರು 26.6 ಡಿಗ್ರಿ.

ಎರಡು ಹಾಳೆ ಒಟ್ಟಿಗೆ ಯಾಕೆ ಬರುತ್ತವೆ?

ಮೇಲಿನ ಹಾಳೆಯನ್ನು 1 ನ್ಯೂಟನ್ ಬಲದಿಂದ ಒತ್ತಿ ಮುಂದಕ್ಕೆ ತಳ್ಳುತ್ತೀರಿ ಅಂತಿಟ್ಟುಕೊಳ್ಳಿ. ಎಲ್ಲರ ಕಣ್ಣು ಮೊದಲ ಹಾಳೆಯ ಮೇಲಿರುತ್ತೆ, ಆದರೆ ಫ್ರೀ ಬಾಡಿ ಡಯಾಗ್ರಾಂ ಬರೆಯಬೇಕಾದ್ದು ಎರಡನೇ ಹಾಳೆಗೆ. ಅದರ ತಲೆಯ ಮೇಲೆ ಮೊದಲ ಹಾಳೆ ಉಜ್ಜಿಕೊಂಡು ಅದನ್ನು ಮುಂದಕ್ಕೆ ಎಳೆಯುತ್ತೆ. ಕೆಳಗೆ ಮೂರನೇ ಹಾಳೆ ಅದನ್ನು ಹಿಡಿದುಕೊಂಡಿರುತ್ತೆ.

ಎಳೆಯುವ ಬಲ: 0.5 × (ನಿಮ್ಮ ಒತ್ತಡ + ಒಂದು ಹಾಳೆಯ ತೂಕ).
ಹಿಡಿಯುವ ಬಲ: 0.5 × (ನಿಮ್ಮ ಒತ್ತಡ + ಎರಡು ಹಾಳೆಯ ತೂಕ).

ಎರಡರ ನಡುವಿನ ವ್ಯತ್ಯಾಸ ಅರ್ಧ ಹಾಳೆಯ ತೂಕದಷ್ಟು, ಅಂದರೆ 0.006 ನ್ಯೂಟನ್. ಇಷ್ಟೇ! ಎರಡನೇ ಹಾಳೆ ತನ್ನ ಜಾಗದಲ್ಲಿ ಕೂತಿರೋದು ಇಷ್ಟು ಚಿಕ್ಕ ಬಲದ ದಯೆಯಿಂದ. ಈಗ ಮೇಲಿನ ಸಂಪರ್ಕದ ಘರ್ಷಣಾಂಕ 0.55, ಕೆಳಗಿನದು 0.50 ಇದ್ದರೆ? 1 ನ್ಯೂಟನ್ ಒತ್ತಡಕ್ಕೆ ಎಳೆತ 0.05 ನ್ಯೂಟನ್ ಜಾಸ್ತಿಯಾಯಿತು. ಹಿಡಿತಕ್ಕಿಂತ ಎಂಟು ಪಟ್ಟು. ಎರಡನೇ ಹಾಳೆ ಹೊರಟೇಬಿಡುತ್ತೆ.

ಇಲ್ಲೇ ಇರೋದು ಪಾಠದ ತಿರುಳು. ಹಾಳೆ ಬರದಿದ್ದರೆ ನಾವೆಲ್ಲ ಮಾಡೋದು ಒಂದೇ: ಇನ್ನೂ ಗಟ್ಟಿಯಾಗಿ ಒತ್ತುವುದು. ಒತ್ತಡ ಹೆಚ್ಚಿದಷ್ಟೂ ಘರ್ಷಣೆಯ ಏರುಪೇರೂ ಅಷ್ಟೇ ಪಟ್ಟು ಹೆಚ್ಚುತ್ತೆ. ಹಾಳೆಯ ತೂಕ ಮಾತ್ರ ಇದ್ದಷ್ಟೇ ಇರುತ್ತೆ.

ಅಡಿಯಿಂದ ಎಳೆದರೆ?

ಹಲವರಿಗೆ ಮೊದಲು ಹೊಳೆಯೋದು ಅಡಿಯಲ್ಲಿ ಸೀಳು ಇರುವ ಪೆಟ್ಟಿಗೆ. ಗುರುತ್ವವೇ ಹಾಳೆಯನ್ನು ಕೆಳಕ್ಕೆ ತರುತ್ತೆ, ನಾವು ಎಳೆದುಕೊಂಡರಾಯಿತು. ನೋಡೋಕೆ ಚೆಂದ, ಆದರೆ ಲೆಕ್ಕ ತಿರುಗಿಬೀಳುತ್ತೆ. ಅಡಿಯ ಹಾಳೆ ಎರಡನೆಯದನ್ನು ಎಳೆಯುವಾಗ ಅದರ ಮೇಲಿರುವುದು 199 ಹಾಳೆಗಳ ಭಾರ. ಎರಡನೆಯದನ್ನು ಹಿಡಿದುಕೊಳ್ಳುವ ಸಂಪರ್ಕದ ಮೇಲಿರುವುದು 198ರ ಭಾರ. ಅದೇ 0.006 ನ್ಯೂಟನ್ ಈಗ ನಮ್ಮ ವಿರುದ್ಧ ನಿಂತಿದೆ. ಪೆಟ್ಟಿಗೆ ತುಂಬಿದಾಗ ಅಡಿಯ ಹಾಳೆಯ ಮೇಲ್ಮುಖದಲ್ಲೇ 1.2 ನ್ಯೂಟನ್ ಘರ್ಷಣೆ, ಖಾಲಿಯಾಗುತ್ತ ಬಂದಂತೆ ಸೊನ್ನೆಯ ಹತ್ತಿರ. ಒಂದೇ ಪೆಟ್ಟಿಗೆ ಬೆಳಗ್ಗೆ ಒಂದು ಥರ, ಸಂಜೆ ಇನ್ನೊಂದು ಥರ ವರ್ತಿಸುತ್ತೆ.

ಇದನ್ನು ಉಳಿಸೋಕೆ ಸೀಳನ್ನು ಒಂದು ಹಾಳೆ ಮಾತ್ರ ಹೋಗುವಷ್ಟು ಕಿರಿದು ಮಾಡಬೇಕು, ಅಂದರೆ 0.2 ಮಿ.ಮೀ.ಗಿಂತ ಕಡಿಮೆ. 0.4 ಮಿ.ಮೀ. ನಾಝಲ್‌ನ ಲ್ಯಾಬ್ 3ಡಿ ಪ್ರಿಂಟರ್‌ನಲ್ಲಿ 105 ಮಿ.ಮೀ. ಉದ್ದಕ್ಕೂ ಆ ಅಂತರ ಕಾಪಾಡೋದು ಕನಸಿನ ಮಾತು. ಮೂಲೆ ಸ್ವಲ್ಪ ಮಡಚಿದ ಹಾಳೆ ಬಂತೋ, ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ.

ಟಿಶ್ಯೂ ಡಬ್ಬಿ ಸಲೀಸಾಗಿ ಕೆಲಸ ಮಾಡುತ್ತಲ್ಲ ಅಂತ ಕೇಳಬಹುದು. ಅಲ್ಲಿ ಹಾಳೆಗಳನ್ನು ಒಂದರೊಳಗೊಂದು ಮಡಚಿ ಹೆಣೆದಿರುತ್ತಾರೆ. ಒಂದು ಹೊರಬರುವಾಗ ಮುಂದಿನದರ ತುದಿಯನ್ನು ಮೇಲೆತ್ತಿ ಹೋಗುತ್ತೆ. ಪಾಪ್-ಅಪ್ ಪೋಸ್ಟ್-ಇಟ್ ಕಟ್ಟಿನಲ್ಲಿ ಅಂಟು ಒಂದು ಹಾಳೆಗೆ ಈ ಅಂಚಲ್ಲಿ, ಮುಂದಿನದಕ್ಕೆ ಆ ಅಂಚಲ್ಲಿ. ಅಲ್ಲಿ ಜಾಣತನ ಇರೋದು ಕಾಗದದ ಕಟ್ಟಿನಲ್ಲಿ. ನಮ್ಮದು ಕತ್ತರಿಸಿದ ರದ್ದಿ ಹಾಳೆ, ಆದ್ದರಿಂದ ಜಾಣತನ ಡಬ್ಬಿಯಲ್ಲೇ ಇರಬೇಕು.

ಎರಡನೇ ಹಾಳೆಗೊಂದು ಬೇಲಿ

ನಮಗೆ ಬೇಕಿರೋದು ಒತ್ತಡದ ಜೊತೆ ಬದಲಾಗದ ಒಂದು ಹಿಡಿತ. ಹಳೆಯ ಪ್ರಿಂಟರ್ ಮತ್ತು ಝೆರಾಕ್ಸ್ ಯಂತ್ರಗಳ ಟ್ರೇ ತೆಗೆದು ನೋಡಿದರೆ ಮುಂದಿನ ಎರಡು ಮೂಲೆಗಳಲ್ಲಿ ಚಿಕ್ಕ ತಗಡಿನ ಕಿವಿಗಳು ಸಿಗುತ್ತವೆ. ಹಾಳೆಯ ಮೂಲೆಗಳು ಅವುಗಳ ಕೆಳಗೆ ಕೂತಿರುತ್ತವೆ. ರಬ್ಬರ್ ಚಕ್ರ ಮೇಲಿನ ಹಾಳೆಯನ್ನು ಮುಂದಕ್ಕೆ ತಳ್ಳಿದಾಗ ಮೂಲೆ ಕಿವಿಗೆ ತಾಗಿ ನಿಲ್ಲುತ್ತೆ, ಹಾಳೆ ಚಕ್ರಕ್ಕೂ ಕಿವಿಗೂ ನಡುವೆ ಕಮಾನಿನಂತೆ ಉಬ್ಬುತ್ತೆ, ಕೊನೆಗೆ ಮೂಲೆ ಕಿವಿಯ ಮೇಲಕ್ಕೆ ಚಿಮ್ಮಿ ಹಾಳೆ ಹೊರಗೆ ಬರುತ್ತೆ.

ಉಬ್ಬಲು ಎಷ್ಟು ಬಲ ಬೇಕು? ಕಂಬಗಳಿಗೆ ಬಳಸುವ ಆಯ್ಲರ್ ಸೂತ್ರವನ್ನೇ ಕಾಗದಕ್ಕೂ ಹಾಕೋಣ. ಕಾಗದದ ಸ್ಥಿತಿಸ್ಥಾಪಕ ಗುಣಾಂಕ 3 ಗಿಗಾಪ್ಯಾಸ್ಕಲ್, ಎರಡು ಕಿವಿಗಳ ಒಟ್ಟು ಅಗಲ 30 ಮಿ.ಮೀ., ದಪ್ಪ 0.1 ಮಿ.ಮೀ., ಚಕ್ರದಿಂದ ಕಿವಿಗೆ ದೂರ 30 ಮಿ.ಮೀ. ಅಂತಿಟ್ಟರೆ ಉತ್ತರ ಸುಮಾರು 0.08 ನ್ಯೂಟನ್. ಹಾಳೆ ನಿಜಕ್ಕೂ ಒಂದು ಪಟ್ಟಿಯಲ್ಲ, ತಟ್ಟೆ. ಹಾಗಾಗಿ ಇದು ಅಂದಾಜು. ಆದರೂ 0.006ರ ಪಕ್ಕ ಇಟ್ಟು ನೋಡಿ, ಹದಿಮೂರು ಪಟ್ಟು ಹೆಚ್ಚು. ದೂರವನ್ನು ಅರ್ಧ ಮಾಡಿದರೆ ಈ ಬಲ ನಾಲ್ಕು ಪಟ್ಟಾಗುತ್ತೆ. ಚಕ್ರವನ್ನು ಹಿಂದೆ ಮುಂದೆ ಸರಿಸಿ ಡಬ್ಬಿಯನ್ನು ಟ್ಯೂನ್ ಮಾಡೋದು ಹೀಗೆ.

ಒತ್ತಡಕ್ಕೆ ಎರಡು ಗಡಿ

ಈಗ ಎರಡು ಷರತ್ತು ಬರೆಯೋಣ.

1. ಮೊದಲ ಹಾಳೆ ಬರಬೇಕು. ರಬ್ಬರಿನ ಎಳೆತದಲ್ಲಿ ಕಾಗದದ ಘರ್ಷಣೆ ಕಳೆದು ಉಳಿದದ್ದು 0.08ಕ್ಕಿಂತ ಹೆಚ್ಚಿರಬೇಕು. (1.0 − 0.5) × ಒತ್ತಡ > 0.08. ಅಂದರೆ ಒತ್ತಡ 0.16 ನ್ಯೂಟನ್‌ಗಿಂತ ಹೆಚ್ಚು.

2. ಎರಡನೇ ಹಾಳೆ ಬರಬಾರದು. ಘರ್ಷಣಾಂಕದ ಏರುಪೇರು 0.05 ಇದ್ದರೆ, 0.05 × ಒತ್ತಡ < 0.08. ಅಂದರೆ ಒತ್ತಡ 1.6 ನ್ಯೂಟನ್‌ಗಿಂತ ಕಡಿಮೆ.

ಸುಮಾರು 16 ಗ್ರಾಂನಿಂದ 160 ಗ್ರಾಂವರೆಗಿನ ಭಾರ. ಹತ್ತು ಪಟ್ಟು ಅಗಲದ ಜಾಗ ಸಿಕ್ಕಿತು! ಎರಡೂ ಗಡಿಗಳಿಂದ ಒಂದೇ ಅನುಪಾತದಷ್ಟು ದೂರ ನಿಲ್ಲಬೇಕಾದರೆ ಗುಣೋತ್ತರ ಸರಾಸರಿ ತಗೊಳ್ಳಿ: 0.5 ನ್ಯೂಟನ್. ಅಷ್ಟೇ ಸಾಕು.

ಇನ್ನು ರಬ್ಬರ್ ಬದಲು ಒಣ ಬೆರಳು ಹಾಕಿ ನೋಡಿ. (0.55 − 0.5) × ಒತ್ತಡ > 0.08 ಆಗಬೇಕು, ಅಂದರೆ ಒತ್ತಡ 1.6ಕ್ಕಿಂತ ಹೆಚ್ಚು. ಎರಡನೇ ಷರತ್ತು 1.6ಕ್ಕಿಂತ ಕಡಿಮೆ ಇರಲಿ ಅನ್ನುತ್ತೆ. ಜಾಗವೇ ಉಳಿಯಲಿಲ್ಲ. ಬೆರಳು ನಾಲಿಗೆಗೆ ಹೋಗೋದು ಅಭ್ಯಾಸಬಲದಿಂದ ಮಾತ್ರ ಅಲ್ಲ. ತೇವದಿಂದ ಬೆರಳಿನ ಹಿಡಿತ ಹೆಚ್ಚುತ್ತೆ, ಮುಚ್ಚಿದ ಬಾಗಿಲು ಸ್ವಲ್ಪ ತೆರೆಯುತ್ತೆ.

ಡಬ್ಬಿ ಕಟ್ಟೋಣ

ಒತ್ತಡವನ್ನು ಬಳಸುವವರ ಕೈಗೆ ಬಿಡಬಾರದು, ಡಬ್ಬಿಯೇ ಅದನ್ನು ನಿರ್ಧರಿಸಬೇಕು. ಹಾಗಾಗಿ ರಬ್ಬರ್ ಚಕ್ರವನ್ನು ಡಬ್ಬಿಯ ಮೈಗೇ ಗಟ್ಟಿಯಾಗಿ ಕೂರಿಸಿ, ಅದರ ಅಕ್ಷಕ್ಕೆ ಪಕ್ಕದಲ್ಲಿ ಒಂದು ದಪ್ಪ ತಿರುಗುಣಿ ಕೊಡಿ. ಕೈ ಎಷ್ಟೇ ಭಾರ ಹಾಕಿದರೂ ಅದು ಡಬ್ಬಿಯ ಮೈ ಮೇಲೆ ಹೋಗುತ್ತೆ, ಕಾಗದಕ್ಕೆ ತಾಗಲ್ಲ. ಕಟ್ಟನ್ನು ಕೆಳಗಿನಿಂದ ಒಂದು ಹಲಗೆ, ಅದರಡಿಯ ಸ್ಪ್ರಿಂಗ್ ಮೇಲಕ್ಕೆ ಒತ್ತಲಿ. ಸ್ಪ್ರಿಂಗ್ ಚಕ್ರದ ನೇರ ಕೆಳಗೇ ಇರಲಿ, ಇಲ್ಲದಿದ್ದರೆ ಹಲಗೆ ಓರೆಯಾಗುತ್ತೆ.

ಇಲ್ಲೊಂದು ಸೊಗಸಾದ ಉಪಾಯ ಇದೆ. ಹಾಳೆ ಖರ್ಚಾದಂತೆ ಕಟ್ಟಿನ ತೂಕ ಇಳಿಯುತ್ತೆ, ಹಲಗೆ ಮೇಲೇರಿ ಸ್ಪ್ರಿಂಗ್‌ನ ಬಲವೂ ಇಳಿಯುತ್ತೆ. ಎರಡೂ ಒಂದೇ ಪ್ರಮಾಣದಲ್ಲಿ ಇಳಿದರೆ ಚಕ್ರದ ಮೇಲಿನ ಒತ್ತಡ ಮೊದಲ ಹಾಳೆಯಿಂದ ಕೊನೆಯದರವರೆಗೆ ಬದಲಾಗುವುದೇ ಇಲ್ಲ! 1 ಮಿ.ಮೀ. ಕಟ್ಟಿನಲ್ಲಿ 10 ಚೀಟಿ, 12.5 ಗ್ರಾಂ. ಅಂದರೆ ಸ್ಪ್ರಿಂಗ್‌ನ ಬಿಗಿತ ಪ್ರತಿ ಮಿ.ಮೀ.ಗೆ 0.12 ನ್ಯೂಟನ್ ಇರಬೇಕು. ಪರೀಕ್ಷೆ ಸುಲಭ: 125 ಗ್ರಾಂ ತೂಕ ಇಟ್ಟರೆ 10 ಮಿ.ಮೀ. ಕುಗ್ಗಬೇಕು. ಹಲಗೆ 30 ಗ್ರಾಂ ಇದ್ದರೆ ಅದಕ್ಕೆ 0.3, ಒತ್ತಡಕ್ಕೆ 0.5, ಒಟ್ಟು 0.8 ನ್ಯೂಟನ್. ಕಟ್ಟು ಖಾಲಿ ಇರುವಾಗಲೇ ಸ್ಪ್ರಿಂಗ್ ಸುಮಾರು 7 ಮಿ.ಮೀ. ಕುಗ್ಗಿರಲಿ. ತುಂಬಿದಾಗ 27 ಮಿ.ಮೀ. ಕುಗ್ಗುವಷ್ಟು ಉದ್ದ ಅದಕ್ಕಿರಬೇಕು.

ಕಿವಿಗಳು ಸಡಿಲವಾದ ಕೀಲಿನ ಮೇಲೆ ತೂಗಾಡಲಿ. ಅವು ಹಾಳೆಯನ್ನು ಒತ್ತಬಾರದು, ಅಡ್ಡ ನಿಂತರೆ ಸಾಕು. ಒತ್ತಿದರೆ ಸ್ಪ್ರಿಂಗ್‌ನ ಬಲ ಚಕ್ರಕ್ಕೂ ಕಿವಿಗೂ ಹಂಚಿಹೋಗಿ ಲೆಕ್ಕ ಕೆಡುತ್ತೆ. ಇನ್ನು ಡಬ್ಬಿಯ ಅಡಿಗೆ ರಬ್ಬರ್ ಪಾದ ಹಾಕಿ. 3ಡಿ ಪ್ರಿಂಟ್ ಮಾಡಿದ ಪಿಎಲ್‌ಎ ಡಬ್ಬಿ ಹಗುರ, ಹಾಳೆ ಎಳೆದಾಗ ಡಬ್ಬಿಯೇ ಮೇಜಿನ ಮೇಲೆ ಹಿಂಬಾಲಿಸಿಕೊಂಡು ಬಂದರೆ ಒಂದು ಕೈಯವರಿಗೆ ಅದು ನಿರುಪಯೋಗಿ. ಅಡಿಯಲ್ಲಿ ಒಂದು ಕಬ್ಬಿಣದ ಪಟ್ಟಿ ಇಟ್ಟರೆ ಆಯಿತು. ತಿರುಗುಣಿ ಎಡಕ್ಕೂ ಬಲಕ್ಕೂ ಎರಡೂ ಕಡೆ ಇರಲಿ. ಯಾವ ಕೈ ಖಾಲಿ ಇದೆ ಅಂತ ನಮಗೆ ಗೊತ್ತಿರಲ್ಲ.

ಕಾಗದವೂ ಯಂತ್ರದ ಭಾಗವೇ

ಘರ್ಷಣೆಯ ಏರುಪೇರು ಕಡಿಮೆಯಾದಷ್ಟೂ ನಮ್ಮ ಎರಡು ಗಡಿಗಳ ನಡುವಿನ ಜಾಗ ದೊಡ್ಡದಾಗುತ್ತೆ. ಇದಕ್ಕೆ ಖರ್ಚಿಲ್ಲದ ಮೂರು ದಾರಿ:

- ಪ್ರಿಂಟ್ ಆದ ಬದಿ ಎಲ್ಲಕ್ಕೂ ಒಂದೇ ಕಡೆ ಇರಲಿ. ಆಗ ಪ್ರತಿ ಸಂಪರ್ಕವೂ ಟೋನರ್ ಮತ್ತು ಖಾಲಿ ಬದಿಯ ನಡುವಿನದು. ಹೇಗೆಂದರೆ ಹಾಗೆ ಜೋಡಿಸಿದರೆ ಒಂದು ಕಡೆ ಟೋನರ್ ಮೇಲೆ ಟೋನರ್, ಇನ್ನೊಂದು ಕಡೆ ಖಾಲಿ ಮೇಲೆ ಖಾಲಿ.
- ಕತ್ತರಿಸಿದ ಅಂಚುಗಳು ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ಕಟ್ಟನ್ನು ಬಾಗಿಸಿ, ಬೀಸಣಿಗೆ ಥರ ಬಿಡಿಸಿ, ಗಾಳಿ ಹೋಗುವಂತೆ ಮಾಡಿ ಆಮೇಲೆ ತುಂಬಿ. ಲಂಬಕೋನದಷ್ಟು ಬಾಗಿಸಿದರೆ ಪ್ರತಿ ಹಾಳೆಯೂ ಪಕ್ಕದ್ದಕ್ಕಿಂತ ಸುಮಾರು 0.16 ಮಿ.ಮೀ. ಸರಿಯುತ್ತೆ. ಕಚ್ಚಿದ್ದು ಬಿಡೋಕೆ ಅಷ್ಟು ಸಾಕು.
- ಕಾಗದದ ನಾರು ಯಾವ ದಿಕ್ಕಿಗಿದೆಯೋ ಆ ದಿಕ್ಕಿನಲ್ಲಿ ಬಿಗಿತ ಹೆಚ್ಚು. ಎಲ್ಲ ಚೀಟಿಗಳೂ ಒಂದೇ ದಿಕ್ಕಿಗಿರಲಿ. ಮಳೆಗಾಲದಲ್ಲಿ ಮಂಗಳೂರು, ಉಡುಪಿ ಕಡೆ ಕಾಗದ ತೇವ ಹೀರಿ ಮೆತ್ತಗಾಗುತ್ತೆ, ಬೇಲಿಯ 0.08 ಕೂಡ ಇಳಿಯುತ್ತೆ. ಅಲ್ಲಿ ಚಕ್ರವನ್ನು ಕಿವಿಗೆ ಸ್ವಲ್ಪ ಹತ್ತಿರ ತನ್ನಿ.

ಕೆಲಸ ಮಾಡುತ್ತೆ ಅಂತ ಹೇಗೆ ಹೇಳೋದು?

ಮೂರು ಸಲ ತಿರುಗಿಸಿ ಮೂರು ಹಾಳೆ ಬಂದರೆ ಡೆಮೊಗೆ ಸಾಕು, ವಿನ್ಯಾಸಕ್ಕೆ ಸಾಲದು. 100 ಸಲ ತಿರುಗಿಸಿ, ಪ್ರತಿ ಸಲವೂ ಸೊನ್ನೆ, ಒಂದು, ಎರಡು ಅಂತ ಬರೆದಿಡಿ. ಸೊನ್ನೆಗಳು ಹೆಚ್ಚಿದ್ದರೆ ಒತ್ತಡ ಕಡಿಮೆಯಾಗಿದೆ ಅಥವಾ ರಬ್ಬರ್ ಮೇಲೆ ಕಾಗದದ ಧೂಳು ಕೂತಿದೆ. ಎರಡುಗಳು ಹೆಚ್ಚಿದ್ದರೆ ಒತ್ತಡ ಜಾಸ್ತಿ ಅಥವಾ ಬೇಲಿ ದುರ್ಬಲ. ತಪ್ಪಿನ ಬಗೆಯೇ ಕಾರಣ ಹೇಳುತ್ತೆ.

ನೂರರಲ್ಲಿ ಒಂದೂ ಜೋಡಿ ಬರಲಿಲ್ಲ ಅಂದರೆ ಮುಂದೆಂದೂ ಬರಲ್ಲ ಅಂತಲ್ಲ. ಸಂಖ್ಯಾಶಾಸ್ತ್ರದ ಸರಳ ನಿಯಮದ ಪ್ರಕಾರ, 95% ಭರವಸೆಯಿಂದ ಹೇಳಬಹುದಾದದ್ದು "ಜೋಡಿ ಬರುವ ಪ್ರಮಾಣ 3%ಕ್ಕಿಂತ ಕಡಿಮೆ" ಅಂತ ಮಾತ್ರ. ಎಟಿಎಂ ಕೂಡ ತನ್ನ ಚಕ್ರಗಳನ್ನು ಪೂರ್ತಿ ನಂಬಲ್ಲ. ಹೊರಬರುವ ನೋಟಿನ ದಪ್ಪ ಅಳೆದು, ಜೋಡಿ ಅನಿಸಿದರೆ ಒಳಗಿನ ಇನ್ನೊಂದು ಡಬ್ಬಿಗೆ ಹಾಕಿಬಿಡುತ್ತೆ.

ಕೊನೆಯ ಪರೀಕ್ಷೆ ಒಂದಿದೆ, ಅದಕ್ಕೆ ಸೂತ್ರ ಬೇಡ. ಒಂದು ಕೈಯನ್ನು ಜೇಬಲ್ಲಿ ಇಟ್ಟುಕೊಂಡು, ಇನ್ನೊಂದರಲ್ಲಿ ಪೂರ್ತಿ ಹತ್ತು ಚೀಟಿ ತೆಗೆಯಿರಿ. ಆಮೇಲೆ ಕಣ್ಣು ಮುಚ್ಚಿ ಇನ್ನು ಹತ್ತು. ಜೇಬಿನ ಕೈ ಹೊರಗೆ ಬರಬೇಕು ಅನ್ನಿಸಿದ ಜಾಗದಲ್ಲೇ ನಿಮ್ಮ ಮುಂದಿನ ತಿದ್ದುಪಡಿ ಇದೆ.