ಓಕಳಿಪುರಂನಿಂದ ಒಂದು ದ್ವೀಪಕ್ಕೆ, ಹಬ್ಬದ ಹೊತ್ತಿಗೆ

ಹೋದ ಬೇಸಿಗೆಯಲ್ಲಿ ಪಕ್ಕದ ಮನೆಯವರು ಬಾಲಿಗೆ ಹೋಗಿ ಬಂದರು. ಉಲುವಾಟುವಿನ ಬಂಡೆಯಂಚಿನಲ್ಲಿ ಹೊತ್ತು ಮುಳುಗುವಾಗ ನಡೆಯುವ ಕೆಚಾಕ್ ಕುಣಿತದ ವಿಡಿಯೊ ತೋರಿಸುತ್ತಾ, "ದ್ವೀಪದಲ್ಲಿ ಕೂತು ರಾಮಾಯಣ ನೋಡೋದು ಅಂದ್ರೆ ಸುಮ್ನೇನಾ ಸಾರ್!" ಅಂದರು. ಚೆನ್ನಾಗಿಯೇ ಇತ್ತು. ಆದರೆ ಓಕಳಿಪುರಂನಲ್ಲಿ ಮನೆ ಮಾಡಿಕೊಂಡು, ರಾತ್ರಿಯಿಡೀ ರೈಲುಗಾಡಿಯ ಸದ್ದಿನಲ್ಲೇ ನಿದ್ದೆ ಮಾಡುವ ನಮಗೆ ದ್ವೀಪವೇನೂ ಅಷ್ಟು ದೂರವಿಲ್ಲ. ಕಾವೇರಿ ಕವಲೊಡೆದು ಮತ್ತೆ ಕೂಡುವುದರ ನಡುವೆ ಶ್ರೀರಂಗಪಟ್ಟಣವಿದೆ. ಕರ್ಕಾಟಕ ಸಂಕ್ರಾಂತಿ ವೃತ್ತದಿಂದ ಬಹಳ ಕೆಳಗಿರುವುದರಿಂದ ಭೂಗೋಳದ ಲೆಕ್ಕಕ್ಕೆ ಅದೂ ಉಷ್ಣವಲಯದ ದ್ವೀಪವೇ. ಸುತ್ತ ಇರುವುದು ಸಿಹಿನೀರು, ಅಷ್ಟೇ.

ನಮ್ಮವರ ತಪ್ಪೆಂದರೆ, ಆ ಊರನ್ನು ಮೈಸೂರಿಗೆ ಹೋಗುವ ದಾರಿಯಲ್ಲಿ ಒಂದು ಗಂಟೆಯಲ್ಲಿ ಮುಗಿಸಿಬಿಡುತ್ತಾರೆ. ರಂಗನಾಥನಿಗೆ ಹಣ್ಣುಕಾಯಿ, ಗುಂಬಜ್ ಎದುರು ಒಂದು ಫೋಟೊ, ಮತ್ತೆ ಕಾರು. ದ್ವೀಪವನ್ನು ನಿಜಕ್ಕೂ ನೋಡಬೇಕಿದ್ದರೆ ಹಬ್ಬದ ದಿನ ಆರಿಸಿಕೊಂಡು, ಬೆಳಗಿನಿಂದ ರಾತ್ರಿಯವರೆಗೆ ಅಲ್ಲೇ ಇರಬೇಕು. ಅದಕ್ಕೆ ಏನೇನು ಮಾಡಬೇಕೆಂಬುದು ಇಲ್ಲಿದೆ.

ಮೊದಲು ದಿನ ಗೊತ್ತುಮಾಡಿ

ಈ ದ್ವೀಪದ ದೊಡ್ಡ ಹಬ್ಬ ದಸರಾ. ಮೈಸೂರು ದಸರಾ ಎಂದು ಹೆಸರಾಗಿದ್ದರೂ ಅದರ ತವರು ಇದೇ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಮಾಡಿಕೊಂಡು, ವಿಜಯನಗರದವರು ಮಾಡುತ್ತಿದ್ದ ಮಹಾನವಮಿಯನ್ನು ಇಲ್ಲಿ ಮುಂದುವರಿಸಿದರು. 1648ರ ಹೊತ್ತಿಗೆ ಗೋವಿಂದ ವೈದ್ಯ 'ಕಂಠೀರವ ನರಸರಾಜ ವಿಜಯ'ದಲ್ಲಿ ಈ ಊರಿನ ನವರಾತ್ರಿಯನ್ನು ಕಣ್ಣಿಗೆ ಕಟ್ಟುವಂತೆ ಸಾಂಗತ್ಯದಲ್ಲಿ ಹಾಡಿಟ್ಟ. 1799ರಲ್ಲಿ ಟಿಪ್ಪು ಮಡಿದ ಮೇಲೆ ರಾಜಧಾನಿ ಮೈಸೂರಿಗೆ ಹೋಯಿತು, ಹಬ್ಬವೂ ಅದರ ಹಿಂದೆ ಹೋಯಿತು. ಈಗ ಕೆಲವು ವರ್ಷಗಳಿಂದ ನವರಾತ್ರಿಯ ಆರಂಭದ ದಿನಗಳಲ್ಲಿ ಶ್ರೀರಂಗಪಟ್ಟಣ ದಸರಾ ಮತ್ತೆ ನಡೆಯುತ್ತಿದೆ. ಒಂದು ವರ್ಷ ಮೂರು ದಿನವಿದ್ದರೆ ಇನ್ನೊಂದು ವರ್ಷ ನಾಲ್ಕೈದು ದಿನ.

ಇಲ್ಲೊಂದು ಎಚ್ಚರಿಕೆ. ಮೈಸೂರಿನಲ್ಲಿ ಜಂಬೂಸವಾರಿ ಕೊನೆಯ ದಿನ; ಇಲ್ಲಿ ಉದ್ಘಾಟನೆಯ ದಿನವೇ. ಇದು ಗೊತ್ತಿಲ್ಲದೆ ಮೊದಲ ಸಲ ನಾನು ಸಮಾರೋಪದ ದಿನ ಮಕ್ಕಳನ್ನು ಕಟ್ಟಿಕೊಂಡು ಹೋದೆ. ಇಳಿದವನೇ ಕಬ್ಬಿನಹಾಲು ಮಾರುವವನನ್ನು "ಆನೆ ಎಷ್ಟೊತ್ತಿಗೆ ಬರುತ್ತೆ?" ಎಂದು ಕೇಳಿದೆ. ಅವನು ಗಾಣ ನಿಲ್ಲಿಸದೆಯೇ, "ಬಂದು ಹೋಗಾಯ್ತಲ್ಲ ಸ್ವಾಮಿ, ಈಗ ಮೈಸೂರಲ್ಲಿರ್ತವೆ" ಅಂದ. ಮಕ್ಕಳು ವಾಪಸ್ ಬರುವವರೆಗೂ ನನ್ನ ಜತೆ ಮಾತಾಡಲಿಲ್ಲ. ಹಾಗಾಗಿ ನವರಾತ್ರಿಗೆ ಎರಡು ವಾರ ಇರುವಾಗಲೇ ಪತ್ರಿಕೆಯ ಮಂಡ್ಯ ಜಿಲ್ಲಾ ಪುಟದ ಮೇಲೆ ಕಣ್ಣಿಡಿ. ಉದ್ಘಾಟನೆಯ ದಿನಾಂಕ ಸಿಕ್ಕರೆ ಆನೆಯೂ ಸಿಕ್ಕಿತು.

ದಸರೆಗೆ ಆಗದಿದ್ದರೆ ಮಕರ ಸಂಕ್ರಾಂತಿಯ ಸಂಜೆ ರಂಗನಾಥನ ಗುಡಿಯಲ್ಲಿ ಲಕ್ಷದೀಪೋತ್ಸವವಿದೆ, ರಥಸಪ್ತಮಿಗೆ ತೇರಿದೆ. ಗದ್ದಲ ಬೇಡ ಎನ್ನುವವರಿಗೆ ನಾನು ಹೇಳುವುದು ಸಂಕ್ರಾಂತಿಯನ್ನೇ. ಮನೆಯಲ್ಲಿ ಎಳ್ಳುಬೆಲ್ಲ ಬೀರಿ ಮಧ್ಯಾಹ್ನ ಹೊರಟರೂ ದೀಪ ಹಚ್ಚುವ ಹೊತ್ತಿಗೆ ಅಲ್ಲಿರಬಹುದು. ಗುಂಬಜ್‌ನಲ್ಲಿ ಟಿಪ್ಪುವಿನ ಉರುಸೂ ನಡೆಯುತ್ತದೆ. ಅದು ಹಿಜರಿ ತಿಂಗಳ ಲೆಕ್ಕವಾದ್ದರಿಂದ ವರ್ಷವರ್ಷವೂ ಹಿಂದೆ ಸರಿಯುತ್ತಾ ಹೋಗುತ್ತದೆ.

ಕಾರು ಮನೆಯಲ್ಲೇ ಇರಲಿ

ಹಬ್ಬದ ದಿನ ಕಾರು ತಂದವನು ಕಾರು ನಿಲ್ಲಿಸುವ ಜಾಗವನ್ನಷ್ಟೇ ನೋಡಿಕೊಂಡು ಬರುತ್ತಾನೆ. ರೈಲೇ ಸರಿ. ನಮ್ಮ ಕಡೆಯವರು ಮೆಜೆಸ್ಟಿಕ್ ಸುತ್ತುವುದೂ ಬೇಡ, ಸಿಟಿ ಸ್ಟೇಷನ್ನಿನ ಹಿಂದಿನ ದ್ವಾರದಿಂದ ಒಳಗೆ ಹೋದರಾಯಿತು. ಮೈಸೂರಿನ ಕಡೆಗೆ ಬೆಳಗಿನಿಂದಲೇ ಗಾಡಿಗಳಿವೆ. ನೋಡಬೇಕಾದ್ದು ಒಂದೇ, ಎಲ್ಲ ಎಕ್ಸ್‌ಪ್ರೆಸ್ ಗಾಡಿಗಳೂ ಶ್ರೀರಂಗಪಟ್ಟಣದಲ್ಲಿ ನಿಲ್ಲುವುದಿಲ್ಲ. ಟಿಕೆಟ್ ತೆಗೆಯುವಾಗಲೇ ಕೇಳಿಕೊಳ್ಳಿ. ಜನರಲ್ ಟಿಕೆಟ್ ಸಾಕು, ಆದರೆ ಹಬ್ಬದ ದಿನ ಅರ್ಧ ಗಂಟೆ ಮುಂಚೆ ಹೋಗಿ ಸೀಟು ಹಿಡಿಯಿರಿ. ಮದ್ದೂರಿನ ಆಸುಪಾಸಿನಲ್ಲಿ ವಡೆ ಹತ್ತುತ್ತದೆ, ಬೆಳಗಿನ ತಿಂಡಿಯ ಚಿಂತೆ ಅಲ್ಲಿಗೆ ಮುಗಿಯಿತು. ಪಾಂಡವಪುರ ದಾಟಿದ ಮೇಲೆ ಬಾಗಿಲ ಹತ್ತಿರ ಬಂದು ನಿಲ್ಲಿ. ಗಾಡಿ ನದಿ ದಾಟುತ್ತದೆ. ದ್ವೀಪಕ್ಕೆ ಬಂದೆವು ಎಂದು ತಿಳಿಯುವುದು ಆಗಲೇ.

ಸ್ಟೇಷನ್ ಇರುವುದು ಕೋಟೆಯೊಳಗೇ. ಹಳಿ ಜೋಡಿಮಾರ್ಗವಾಗುವಾಗ ಟಿಪ್ಪು ಕಾಲದ ಶಸ್ತ್ರಾಗಾರವೊಂದು ಅಡ್ಡ ಬಂದಿತ್ತು. 2017ರಲ್ಲಿ ಆ ಇಡೀ ಕಟ್ಟಡವನ್ನು ಬುಡಸಮೇತ ಎತ್ತಿ, ಜಾಕ್ ಕೊಟ್ಟು, ಸುಮಾರು ನೂರು ಮೀಟರ್ ಆಚೆಗೆ ಸರಿಸಿದರು. ಸ್ಟೇಷನ್ನಿನಿಂದ ಹೊರಬಂದವರು ಅದನ್ನು ಕೇಳಿಕೊಂಡು ಹೋಗಿ ನೋಡಿ, ಐದು ನಿಮಿಷದ ಕೆಲಸ. ರಂಗನಾಥನ ಗುಡಿಗೂ ಅಲ್ಲಿಂದ ನಡೆದೇ ಹೋಗಬಹುದು.

ಬೆಳಗಿನ ಹೊತ್ತು ಗೋಡೆಗೆ

ಮೆರವಣಿಗೆ ಮಧ್ಯಾಹ್ನದ ಮೇಲೆ. ಬೆಳಗ್ಗೆ ಆಟೊ ಹಿಡಿದು ದರಿಯಾ ದೌಲತ್‌ಗೆ ಹೋಗಿ. ಬಾಡಿಗೆಯನ್ನು ಹತ್ತುವ ಮುಂಚೆಯೇ ಮಾತಾಡಿಕೊಳ್ಳಿ. 1784ರಲ್ಲಿ ಮುಗಿದ ಈ ಬೇಸಿಗೆ ಅರಮನೆಯ ಹೊರಗೆ ದೊಡ್ಡ ಹಸಿರು ಪರದೆಗಳು ಇಳಿಬಿದ್ದಿರುತ್ತವೆ. ಬಣ್ಣಕ್ಕೆ ಬಿಸಿಲು ತಾಗಬಾರದೆಂದು ಕಟ್ಟಿದ್ದು. ಅದರಿಂದ ಒಳಗೆ ಮಬ್ಬು. ಹೋದೊಡನೆ ಏನೂ ಕಾಣದು. ಎರಡು ನಿಮಿಷ ಸುಮ್ಮನೆ ನಿಂತರೆ ಗೋಡೆ ತಾನಾಗಿ ತೆರೆದುಕೊಳ್ಳುತ್ತದೆ. ಮೊಬೈಲ್ ಜೇಬಿನಲ್ಲೇ ಇರಲಿ.

ಮೊದಲು ಪಶ್ಚಿಮದ ಗೋಡೆ. 1780ರ ಸೆಪ್ಟೆಂಬರಿನಲ್ಲಿ ಹೈದರ್ ಮತ್ತು ಟಿಪ್ಪು ಪೊಳ್ಳಿಲೂರಿನಲ್ಲಿ ಇಂಗ್ಲಿಷರನ್ನು ಬಡಿದ ಕಾಳಗ ಅದು. ಚೌಕಾಕಾರವಾಗಿ ನಿಂತ ಕೆಂಪಂಗಿಯ ಸೈನಿಕರ ನಡುವೆ ಒಂದು ಪಲ್ಲಕ್ಕಿಯನ್ನು ಹುಡುಕಿ. ಒಳಗೆ ಗಾಯಗೊಂಡ ಕರ್ನಲ್ ಬೇಯ್ಲಿ ಕೂತು ಬೆರಳು ಕಚ್ಚುತ್ತಿದ್ದಾನೆ. ಹತ್ತಿರದಲ್ಲೇ ಮದ್ದಿನ ಬಂಡಿ ಸಿಡಿಯುತ್ತಿದೆ. ಇಷ್ಟೆಲ್ಲ ರಕ್ತಪಾತದ ಪಕ್ಕದಲ್ಲಿ ನಮ್ಮವರ ದಂಡು ಮದುವೆ ದಿಬ್ಬಣಕ್ಕೆ ಹೊರಟಷ್ಟು ನಿರಾಳವಾಗಿದೆ. ಚಿತ್ರಕಾರನ ಕುಚೋದ್ಯ ಇರುವುದೇ ಅಲ್ಲಿ.

ಬಹಳ ಜನ ಇಷ್ಟು ನೋಡಿ ತಿರುಗಿಬಿಡುತ್ತಾರೆ. ನೀವು ಪೂರ್ವದ ಗೋಡೆಗೂ ಹೋಗಿ. ಐದು ಸಾಲುಗಳಲ್ಲಿ ರಾಜರಾಜರ ದರ್ಬಾರು: ತಂಜಾವೂರು, ಬನಾರಸ್, ಪೇಶ್ವೆ, ಚಿತ್ರದುರ್ಗದ ಮದಕರಿ ನಾಯಕ. ಅವರ ನಡುವೆ ಮಾಗಡಿ ಕೆಂಪೇಗೌಡನೂ ಇದ್ದಾನೆ. ಮಾಗಡಿ ರಸ್ತೆಯಲ್ಲಿ ದಿನಾ ಓಡಾಡುವವರು ಅವನನ್ನು ಮಾತಾಡಿಸದೆ ಬರುವುದು ಸರಿಯಲ್ಲ. ಮಕ್ಕಳಿದ್ದರೆ ಹುಡುಕುವ ಕೆಲಸ ಅವರಿಗೇ ಕೊಡಿ, ಅರ್ಧ ಗಂಟೆ ಸದ್ದಿರುವುದಿಲ್ಲ.

ಹೊತ್ತಿದ್ದರೆ ಗಂಜಾಂ ಕಡೆ ಗುಂಬಜ್, ಅದಕ್ಕೂ ಮುಂದೆ ಸಂಗಮ. ಕೆ.ಆರ್.ಎಸ್. 124.80 ಅಡಿ ತುಂಬಿ ಗೇಟು ಎತ್ತಿರುವ ವರ್ಷವಾದರೆ ಸಂಗಮದ ಮೆಟ್ಟಿಲಿಗೆ ಇಳಿಯಬೇಡಿ, ನೀರು ಹೇಳದೆ ಏರುತ್ತದೆ. ಊಟವನ್ನು ಒಂದು ಗಂಟೆಯೊಳಗೆ ಮುಗಿಸಿ. ಆಮೇಲೆ ಹೋಟೆಲುಗಳಲ್ಲಿ ನಿಲ್ಲಲೂ ಜಾಗವಿರದು.

ಎಲ್ಲಿ ನಿಲ್ಲಬೇಕು?

ಜಂಬೂಸವಾರಿ ಹೊರಡುವುದು ದ್ವೀಪದ ಆಚೆ, ಕಿರಂಗೂರಿನ ಬನ್ನಿಮಂಟಪದಿಂದ. ಮರದ ಅಂಬಾರಿಯಲ್ಲಿ ಚಾಮುಂಡೇಶ್ವರಿ, ಎಡಬಲಕ್ಕೆ ಕುಮ್ಕಿ ಆನೆಗಳು. ಬಾಬುರಾಯನಕೊಪ್ಪಲು ಹಾದು, ಕಾವೇರಿ ಸೇತುವೆಯ ಮೇಲಿಂದ ದ್ವೀಪಕ್ಕೆ ಬಂದು, ರಂಗನಾಥನ ಗುಡಿಯ ಮೈದಾನದಲ್ಲಿ ಮುಗಿಯುತ್ತದೆ. ಬನ್ನಿಮಂಟಪದಲ್ಲಿ ಗಣ್ಯರು, ಪೊಲೀಸರು, ನೂಕುನುಗ್ಗಲು. ಅಲ್ಲಿ ನಿಂತರೆ ಕಾಣುವುದು ಎದುರಿನವರ ಬೆನ್ನು. ಗುಡಿಯ ಹತ್ತಿರ ಬರುವಷ್ಟರಲ್ಲಿ ಕಲಾವಿದರು ದಣಿದಿರುತ್ತಾರೆ. ನಾನು ನಿಲ್ಲುವುದು ಸೇತುವೆ ಇಳಿದು ಊರು ಶುರುವಾಗುವ ಕಡೆ. ಹೊಳೆ ದಾಟಿ ಬರುವ ಅಂಬಾರಿ ಮೈಸೂರಿನ ದಸರಾದಲ್ಲಿಲ್ಲ. ಆನೆಯಿಂದ ದೂರವಿರಿ, ಮಕ್ಕಳನ್ನು ಹೆಗಲಿಗೆ ಹಾಕಿಕೊಳ್ಳಿ, ಬೆನ್ನ ಹಿಂದೆ ಸರಿಯಲು ಜಾಗ ಇಟ್ಟುಕೊಳ್ಳಿ. ಪಟಾಕಿಗೆ ಆನೆ ಬೆಚ್ಚಿದರೆ ಜನ ಅದಕ್ಕಿಂತ ಜೋರಾಗಿ ಬೆಚ್ಚುತ್ತಾರೆ.

ಆನೆಗಿಂತ ಮುಂದೆ ಬರುವ ಮೇಳಗಳೇ ನನಗೆ ಮುಖ್ಯ. ಡೊಳ್ಳು, ವೀರಗಾಸೆ ಎಲ್ಲೂ ಸಿಗುತ್ತವೆ. ಮಂಡ್ಯ ಸೀಮೆಯದೇ ಆದ ಪೂಜಾ ಕುಣಿತವನ್ನು ಬಿಡಬೇಡಿ. ಬಿದಿರಿನ ಚೌಕಟ್ಟಿಗೆ ಸೀರೆ ಸುತ್ತಿ, ನಡುವೆ ದೇವಿಯ ಮುಖ ಕಟ್ಟಿ, ಅದನ್ನು ತಲೆಯ ಮೇಲೋ ಅಂಗೈಯ ಮೇಲೋ ಹೊತ್ತು ಕುಣಿಯುತ್ತಾರೆ. ಎಲ್ಲರೂ ದೇವಿಯ ಮುಖ ನೋಡುತ್ತಾರೆ. ನೀವು ಕುಣಿಯುವವನ ಕತ್ತು ಮತ್ತು ಮೊಣಕಾಲು ನೋಡಿ. ತಮಟೆಯ ಏಟು ಬದಲಾದೊಡನೆ ಮಂಡಿ ಬಗ್ಗುತ್ತದೆ, ಪಾದ ಹೊರಳುತ್ತದೆ, ಕತ್ತಿನ ನರ ಹುರಿಗೊಳ್ಳುತ್ತದೆ. ಮೇಲಿನ ದೇವಿ ಮಾತ್ರ ನಿಂತಲ್ಲೇ ನಿಂತಿರುತ್ತಾಳೆ. ಕಂಸಾಳೆಯವರದು ಇನ್ನೊಂದು ಬಗೆ. ಎಡಗೈಯಲ್ಲಿ ಕಂಚಿನ ಬಟ್ಟಲು, ಬಲಗೈಯಲ್ಲಿ ಹುರಿ ಕಟ್ಟಿದ ತಾಳ. ಅದನ್ನು ಬೀಸಿ, ತಲೆಯ ಸುತ್ತ, ಪಕ್ಕದವನ ಬಟ್ಟಲಿಗೂ ಬಡಿದು ತರುತ್ತಾರೆ. ಹತ್ತು ಮಂದಿಯ ಹತ್ತು ಏಟು ಒಂದೇ ಏಟಾಗಿ ಕೇಳಬೇಕು. ಕಿವಿಯಿಟ್ಟರೆ ಯಾವ ತಂಡ ಪಳಗಿದ್ದು, ಯಾವುದು ಸಮವಸ್ತ್ರಕ್ಕಷ್ಟೇ ಖರ್ಚು ಮಾಡಿದ್ದು ಎಂದು ಒಂದು ನಿಮಿಷದಲ್ಲಿ ತಿಳಿಯುತ್ತದೆ.

ರಾತ್ರಿ ಗುಡಿಯ ಬಳಿಯ ವೇದಿಕೆಯಲ್ಲಿ ಸಂಗೀತ, ನೃತ್ಯ. ಭಾಷಣಗಳು ಮೊದಲು ಬರುತ್ತವೆ, ಆ ಹೊತ್ತಿಗೆ ಕೋಟೆಯ ಗೋಡೆಯ ಪಕ್ಕ ಚುರುಮುರಿ ತಿನ್ನಬಹುದು. ಸಿನಿಮಾ ಗಾಯಕರಿಗೆ ಕಾದರೆ ಕೊನೆಯ ಗಾಡಿ ತಪ್ಪುತ್ತದೆ.

ವಾಪಸ್ ಬರುವುದು

ಇಳಿದಾಗಲೇ ಸ್ಟೇಷನ್ನಿನಲ್ಲಿ ರಾತ್ರಿ ಗಾಡಿಗಳ ವೇಳೆ ಬರೆದುಕೊಳ್ಳಿ. ಅದು ತಪ್ಪಿದರೆ ಹೆದ್ದಾರಿಯಲ್ಲಿ ನಿಂತು ಬಸ್ಸಿಗೆ ಕೈ ಅಡ್ಡ ಹಾಕುವ ಹಳೆಯ ಅಭ್ಯಾಸ ಈಗ ಅಷ್ಟಾಗಿ ನಡೆಯದು. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಆದಮೇಲೆ ತಡೆರಹಿತ ಬಸ್ಸುಗಳು ಬೈಪಾಸಿನಲ್ಲೇ ಹೋಗಿಬಿಡುತ್ತವೆ, ಊರೊಳಗೆ ಬರುವುದಿಲ್ಲ. ಸುಲಭದ ಉಪಾಯ ಹಿಂದಕ್ಕೆ ಹೋಗುವುದು. ಹದಿನೈದು ಕಿ.ಮೀ. ದೂರದ ಮೈಸೂರಿಗೆ ಸಿಟಿ ಬಸ್ಸೋ ಆಟೊವೋ ಹಿಡಿದು, ಸಬರ್ಬ್ ಬಸ್ ನಿಲ್ದಾಣದಲ್ಲಿ ಬೆಂಗಳೂರಿನ ಬಸ್ಸು ಹತ್ತಿ, ಕಿಟಕಿ ಪಕ್ಕ ಕೂತು ನಿದ್ದೆ ಮಾಡಿ. ಕೆಲವು ಬಸ್ಸುಗಳು ಸ್ಯಾಟಲೈಟ್‌ನಲ್ಲೇ ನಿಂತುಬಿಡುತ್ತವೆ. ಮೆಜೆಸ್ಟಿಕ್‌ವರೆಗೂ ಹೋಗುತ್ತದೆಯೇ ಎಂದು ಹತ್ತುವ ಮುಂಚೆ ಕಂಡಕ್ಟರನ್ನು ಕೇಳಿ.